ಕೆಲಸ ಬಿಟ್ಟು ಎಂಎಸ್ಸಿ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಓದಲಾ? ಅನುಭವ ಇರುವವರು ಹೇಳಿ

ವರದಾತೀರ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ನನ್ನ ವಿಷಯಗಳು. ಎರಡು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ. ದಿನವಿಡೀ ಎಕ್ಸೆಲ್ ಶೀಟ್, ವಾರಕ್ಕೊಂದು ರಿಪೋರ್ಟ್.

ಹೋದ ತಿಂಗಳು ನಮ್ಮ ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರು. "ಈ ಶಾಖೆಯಲ್ಲಿ ಮಾರಾಟ 6 ಪರ್ಸೆಂಟ್ ಏರಿದೆ ಅಂತ ಹಾಕಿದ್ದೀಯ. ಇದು ನಿಜವಾದ ಏರಿಕೆಯಾ, ಸುಮ್ನೆ ಏರಿಳಿತವಾ?" ನನಗೆ ಉತ್ತರ ಗೊತ್ತಿರಲಿಲ್ಲ. ಎರಡು ಸರಾಸರಿಗಳ ವ್ಯತ್ಯಾಸ ನಿಜವಾ, ಆಕಸ್ಮಿಕವಾ ಅಂತ ನೋಡುವ ಟಿ-ಟೆಸ್ಟ್ ಸೂತ್ರ ಬಾಯಿಪಾಠ ಇದೆ. ಆದರೆ ಇಲ್ಲಿ ಅದನ್ನು ಹಾಕಬಹುದಾ ಇಲ್ಲವಾ ಅನ್ನುವುದೇ ತಿಳಿಯಲಿಲ್ಲ. ಮೂರು ವರ್ಷ ಓದಿದ್ದು ಏನು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಸಂಖ್ಯಾಶಾಸ್ತ್ರವನ್ನೇ ಸರಿಯಾಗಿ ಓದಬೇಕು ಅನಿಸಿದೆ. ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಸೇರಲಾ, ಇಲ್ಲ ಈಗ ಎಲ್ಲ ಕಡೆ ಇರುವ ಡೇಟಾ ಸೈನ್ಸ್ ಸೇರಲಾ? ನನ್ನ ಗಣಿತ ಸಾಧಾರಣ, ಅದು ಸಾಕಾಗುತ್ತದಾ? ಮನೆಯಲ್ಲಿ ಅಪ್ಪನಿಗೆ ಕೆಲಸ ಬಿಡುವುದು ಇಷ್ಟ ಇಲ್ಲ. ದಯವಿಟ್ಟು ನಿಜ ಹೇಳಿ.

ಕೋಡುಗಾರ

ಡೇಟಾ ಸೈನ್ಸ್ ಸೇರಿ. ಕೆಲಸ ಬೇಗ ಸಿಗುತ್ತದೆ. ಪೈಥಾನ್ ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ. ಇಂದಿನ ಕಾಲದಲ್ಲಿ ಸೂತ್ರ ಸಾಧಿಸುತ್ತಾ ಕೂರುವುದು ದಂಡ.

ಕೊಣಾಜೆ ಗುಡ್ಡ

ತಾನಾಗಿ ಬರುವುದಿಲ್ಲ ಸ್ವಾಮಿ. ನಾನು ಡೇಟಾ ಸೈನ್ಸ್ ಎಂಎಸ್ಸಿ ಮಾಡಿದವನು. ಕಾಲೇಜಿನ ಹೆಸರು ಬೇಡ. ನಾಲ್ಕು ಸೆಮಿಸ್ಟರಿನಲ್ಲಿ ಒಂಬತ್ತು ಟೂಲ್ ಕಲಿಸಿದರು. ಸ್ಯಾಂಪ್ಲಿಂಗ್ ಬಗ್ಗೆ, ಅಂದರೆ ಎಲ್ಲರನ್ನೂ ಅಳೆಯದೆ ಕೆಲವರನ್ನು ಆರಿಸುವ ವಿಧಾನದ ಬಗ್ಗೆ, ಒಂದೇ ಒಂದು ತರಗತಿ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಪ್ರಾಜೆಕ್ಟಿನಲ್ಲೇ ಸಿಕ್ಕಿಬಿದ್ದೆ. ವರದಾತೀರ ಅವರಿಗೆ ಬಂದ ಪ್ರಶ್ನೆಯೇ ನನಗೂ ಬಂತು.

ಎಲ್ಲ ಡೇಟಾ ಸೈನ್ಸ್ ಕೋರ್ಸೂ ಹೀಗೆ ಅಂತ ಹೇಳುತ್ತಿಲ್ಲ. ಸೇರುವ ಮುಂಚೆ ಸಿಲಬಸ್ ತೆಗೆದು ನೋಡಿ. ಪ್ರಾಬಬಿಲಿಟಿ, ಇನ್ಫರೆನ್ಸ್, ಲೀನಿಯರ್ ಮಾಡೆಲ್, ಸ್ಯಾಂಪ್ಲಿಂಗ್, ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್, ಈ ಐದೂ ಇದ್ದರೆ ಹೆಸರು ಏನೇ ಇರಲಿ ಸೇರಿ. ಇಲ್ಲದಿದ್ದರೆ ಬೇಡ.

ಗಂಗೋತ್ರಿ ಹಳಬ

ಇದೇ ಸರಿಯಾದ ಮಾತು. ನಾನು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡಿ ಮೂವತ್ತು ವರ್ಷದ ಹತ್ತಿರ ಪಾಠ ಹೇಳಿದೆ. ಈಗ ನಿವೃತ್ತ. ನಮ್ಮಲ್ಲಿ ಮೈಸೂರು, ಧಾರವಾಡ, ಬೆಂಗಳೂರು, ಕೊಣಾಜೆ, ಎಲ್ಲ ಕಡೆಯೂ ವಿಶ್ವವಿದ್ಯಾಲಯದಲ್ಲೇ ಸಂಖ್ಯಾಶಾಸ್ತ್ರ ವಿಭಾಗ ಇದೆ. ಫೀಸ್ ಖಾಸಗಿಯವರ ಮುಂದೆ ತೀರಾ ಕಡಿಮೆ. ಹಾವೇರಿಯವರಿಗೆ ಧಾರವಾಡ ಹತ್ತಿರ. ಹಾಸ್ಟೆಲ್ ಇದೆ, ಲೈಬ್ರರಿ ಇದೆ.

ಸಾಧಾರಣ ಗಣಿತ ಅಂದಿರಿ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ? ಮ್ಯಾಟ್ರಿಕ್ಸ್ ಗುಣಿಸಲು ಬರುತ್ತದಾ? ಐಗನ್ ವ್ಯಾಲ್ಯೂ ಅಂದರೆ ಏನು ಅಂತ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ಡಬಲ್ ಇಂಟಿಗ್ರಲ್‌ನಲ್ಲಿ ಮಿತಿ ಹಾಕಲು ಬರುತ್ತದಾ? ಈ ಮೂರೂ ಬಂದರೆ ಧೈರ್ಯವಾಗಿ ಬನ್ನಿ. ಬಾರದಿದ್ದರೆ ಮೂರು ತಿಂಗಳು ಸಂಜೆ ಕೂತು ಮಾಡಿ, ಆಮೇಲೆ ಬನ್ನಿ. ಮೊದಲ ಸೆಮಿಸ್ಟರ್‌ನಲ್ಲಿ ಮಕ್ಕಳು ಕಷ್ಟ ಪಡುವುದನ್ನು ನೋಡಿದ್ದೇನೆ. ಹೆಚ್ಚಿನವರಿಗೆ ಸಂಖ್ಯಾಶಾಸ್ತ್ರದಿಂದಲ್ಲ, ಲೀನಿಯರ್ ಆಲ್ಜೀಬ್ರಾದಿಂದ ತೊಂದರೆ ಆಗುತ್ತಿತ್ತು.

ವರದಾತೀರ

ಸರ್, ಮ್ಯಾಟ್ರಿಕ್ಸ್ ಬರುತ್ತದೆ. ಐಗನ್ ವ್ಯಾಲ್ಯೂ ಲೆಕ್ಕ ಹಾಕಲು ಬರುತ್ತದೆ. ಏನು ಅಂತ ಒಂದು ವಾಕ್ಯದಲ್ಲಿ ಹೇಳಲು ಬರುವುದಿಲ್ಲ.

ಗಂಗೋತ್ರಿ ಹಳಬ

ಒಳ್ಳೆಯದು. ಅಲ್ಲಿಂದಲೇ ಶುರು ಮಾಡಿ. ಒಂದು ಮ್ಯಾಟ್ರಿಕ್ಸ್ ಕೆಲವು ದಿಕ್ಕುಗಳನ್ನು ತಿರುಗಿಸದೆ ಬರೀ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಎಷ್ಟು ಹಿಗ್ಗಿಸಿತು ಅನ್ನುವುದೇ ಐಗನ್ ವ್ಯಾಲ್ಯೂ. ಮುಂದೆ ಹಲವು ಅಳತೆಗಳನ್ನು ಕೆಲವೇ ಅಳತೆಗೆ ಇಳಿಸುವ ಪ್ರಿನ್ಸಿಪಲ್ ಕಾಂಪೊನೆಂಟ್ಸ್ ಬಂದಾಗ ಇದೊಂದು ವಾಕ್ಯ ನಿಮ್ಮನ್ನು ಕಾಪಾಡುತ್ತದೆ.

ಅಡಿಕೆ ತೋಟ

ಈಗ ಎಐ ಬಂದಿದೆಯಲ್ಲ. ಡೇಟಾ ಕೊಟ್ಟರೆ ಅದೇ ಟೆಸ್ಟ್ ಆರಿಸಿ, ಅದೇ ಗ್ರಾಫ್ ಮಾಡಿ, ಅದೇ ವಿವರಣೆ ಬರೆದು ಕೊಡುತ್ತದೆ. ಎರಡು ವರ್ಷ ಸಂಬಳ ಬಿಟ್ಟು ಯಾಕೆ ಓದಬೇಕು? ವಾದಕ್ಕೆ ಕೇಳುತ್ತಿಲ್ಲ. ನನ್ನ ಮಗನೂ ಇದೇ ಓದಬೇಕು ಅನ್ನುತ್ತಿದ್ದಾನೆ, ಅದಕ್ಕೆ ಕೇಳುತ್ತಿದ್ದೇನೆ.

ಬಿಳಿ ಕೋಟಿನ ಪಕ್ಕ

ನಾನು ಬಯೋಸ್ಟ್ಯಾಟಿಸ್ಟಿಕ್ಸ್‌ನಲ್ಲಿದ್ದೇನೆ. ವೈದ್ಯರ ಸಂಶೋಧನೆಗೆ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಒಂದು ಫೈಲಿನ ಕಥೆ ಹೇಳುತ್ತೇನೆ.

ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು 200 ರೋಗಿಗಳ ಡೇಟಾ ತಂದರು. ಎಐ ಕೈಲಿ ಎಲ್ಲ ಮಾಡಿಸಿದ್ದರು. ಗ್ರಾಫ್ ಚೆಂದ ಇತ್ತು, ಇಂಗ್ಲಿಷ್ ಚೆಂದ ಇತ್ತು. ರೋಗಿಗಳ ಸರಾಸರಿ ವಯಸ್ಸು 90 ದಾಟಿತ್ತು! ಫೈಲ್ ತೆರೆದು ವಯಸ್ಸಿನ ಕಾಲಂ ನೋಡಿದೆ. 43, 51, 38, 999, 47. ವಯಸ್ಸು ಗೊತ್ತಿಲ್ಲದ ಕಡೆ 999 ಅಂತ ತುಂಬಿದ್ದರು. ಮೊದಲು ಡೇಟಾ ತುಂಬಿದ ನರ್ಸಿಗೆ ಅದು ಗೊತ್ತು. ಫೈಲಿಗೆ ಗೊತ್ತಿಲ್ಲ. ಇದು ಸುಲಭದ ತಪ್ಪು, ಕಣ್ಣಿಗೆ ಬೀಳುತ್ತದೆ. ಅದೇ ಫೈಲಿನಲ್ಲಿ ಇನ್ನೊಂದು ಇತ್ತು. ಎತ್ತರ ಕೆಲವು ಕಡೆ ಸೆಂಟಿಮೀಟರ್, ಕೆಲವು ಕಡೆ ಅಡಿ. 162, 158, 5.4. ಅದರ ಮೇಲೆ ಬಿಎಂಐ ಲೆಕ್ಕ, ಅದರ ಮೇಲೆ ರಿಗ್ರೆಷನ್, ಅಂದರೆ ಒಂದು ಅಂಕಿ ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕ.

ಇನ್ನೂ ಆಳದ್ದು ಮೂರನೆಯದು. ಆರು ತಿಂಗಳ ನಂತರ ತಪಾಸಣೆಗೆ ಬಂದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಬಾರದವರು ಯಾಕೆ ಬರಲಿಲ್ಲ? ಗುಣವಾಗಿ ಬರಲಿಲ್ಲವಾ, ಬಸ್ಸಿಗೆ ದುಡ್ಡಿಲ್ಲದೆ ಬರಲಿಲ್ಲವಾ, ತೀರಿಕೊಂಡರಾ? ಇದು ಫೈಲಿನಲ್ಲಿ ಎಲ್ಲೂ ಇಲ್ಲ. ಇದನ್ನು ಕೇಳುವುದನ್ನೇ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತದೆ. ಅಂಕಿ ಫೈಲಿಗೆ ಹೇಗೆ ಬಂತು, ಯಾರು ಹೊರಗೆ ಉಳಿದರು ಅನ್ನುವುದನ್ನು.

ಮಗನನ್ನು ಓದಿಸಿ ಸರ್.

ಅಡಿಕೆ ತೋಟ

ತುಂಬಾ ಥ್ಯಾಂಕ್ಸ್. ಈ ಮೂರನೆಯದು ನನಗೆ ತಟ್ಟಿತು.

ಕೋಡುಗಾರ

ಆದರೂ 999 ಹಿಡಿಯಲು ಎಂಎಸ್ಸಿ ಬೇಕಾಗಿಲ್ಲ. ಒಂದು ಗ್ರಾಫ್ ಹಾಕಿದರೆ ಸಾಕು.

ಬಿಳಿ ಕೋಟಿನ ಪಕ್ಕ

ಒಪ್ಪುತ್ತೇನೆ. ಆದರೆ ಆ ಗ್ರಾಫ್ ಹಾಕುವ ಅಭ್ಯಾಸ ಬರಬೇಕಲ್ಲ? ಬಾರದ ರೋಗಿಗಳು ಯಾವ ಗ್ರಾಫಿನಲ್ಲೂ ಕಾಣುವುದಿಲ್ಲ. ಅದಕ್ಕೆ ನಿಮ್ಮ ಉತ್ತರ ಏನು?

ಗದ್ದೆ ಬದು

ನನ್ನದೂ ಒಂದು ಮಾತು. ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಅಗ್ರಿಕಲ್ಚರಲ್ ಸ್ಟ್ಯಾಟಿಸ್ಟಿಕ್ಸ್ ಓದಿದವಳು. ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬೆಂಗಳೂರಿನ ಜಿಕೆವಿಕೆಯಲ್ಲಿದೆ, ದೆಹಲಿಯಲ್ಲಿ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ ಐಎಎಸ್‌ಆರ್‌ಐ ಇದೆ. ಈ ಶಾಸ್ತ್ರ ಬೆಳೆದಿದ್ದೇ ಹೊಲದಲ್ಲಿ. ಸಂಖ್ಯಾಶಾಸ್ತ್ರಜ್ಞ ಫಿಶರ್ ಇಂಗ್ಲೆಂಡಿನ ರೊಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕೂತು, ಹಲವು ಗುಂಪುಗಳ ಸರಾಸರಿ ಹೋಲಿಸುವ ಅನೋವಾ ಕಟ್ಟಿದರು. ಮಹಲನೋಬಿಸ್ ಬಂಗಾಳದ ಸೆಣಬಿನ ಹೊಲದಲ್ಲಿ ಸ್ಯಾಂಪಲ್ ಸರ್ವೆ ಮಾಡಿದರು.

ಓದುವಾಗ ನಮ್ಮನ್ನು ಒಮ್ಮೆ ಬೆಳೆ ಕಟಾವು ಪ್ರಯೋಗ ನೋಡಲು ಕರೆದುಕೊಂಡು ಹೋಗಿದ್ದರು. ಭತ್ತದ ಗದ್ದೆ. ಯಾವ ಸರ್ವೆ ನಂಬರ್ ಅನ್ನುವುದು ಮೊದಲೇ ಲಾಟರಿ ಥರ ಆರಿಸಿ ಬಂದಿತ್ತು. ಗದ್ದೆಯ ನೈರುತ್ಯ ಮೂಲೆಯಲ್ಲಿ ನಿಂತರು. ಉದ್ದ ಎಷ್ಟು ಹೆಜ್ಜೆ, ಅಗಲ ಎಷ್ಟು ಹೆಜ್ಜೆ ಅಂತ ಅಳೆದರು. ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ತೆಗೆದು ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು ಹೆಜ್ಜೆ ಅಂತ ನಡೆದರು. ಅಲ್ಲಿ ಗೂಟ ಹೊಡೆದು 5 ಮೀಟರ್‌ಗೆ 5 ಮೀಟರ್ ಹಗ್ಗ ಕಟ್ಟಿದರು. ಗೂಟ ಬಿದ್ದ ಕಡೆ ಪೈರು ತೆಳ್ಳಗಿತ್ತು. ರೈತರು "ಅಲ್ಲಿ ಯಾಕೆ, ಈ ಕಡೆ ನೋಡಿ, ಎಷ್ಟು ಚೆನ್ನಾಗಿದೆ" ಅಂದರು. ನಿರೀಕ್ಷಕರು "ನಾನು ಆರಿಸುವ ಹಾಗಿಲ್ಲ ಯಜಮಾನರೇ, ಸಂಖ್ಯೆ ಎಲ್ಲಿ ಹೇಳಿತೋ ಅಲ್ಲೇ" ಅಂದರು.

25 ಚದರ ಮೀಟರಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚುಕಮ್ಮಿ ಆದರೆ ಹೆಕ್ಟೇರಿಗೆ 40 ಕಿಲೋ ವ್ಯತ್ಯಾಸ. ಫಸಲ್ ಬಿಮಾ ಅನ್ನುವ ಬೆಳೆ ವಿಮೆಯ ಪರಿಹಾರ ಬಹುಮಟ್ಟಿಗೆ ಇಂಥ ಪ್ರಯೋಗಗಳ ಸರಾಸರಿ ಮೇಲೆ ನಿಂತಿದೆ. ಮುಖ್ಯ ಬೆಳೆಗಳಿಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ. ರ್‍ಯಾಂಡಮ್ ಅಂದರೆ ಏನು ಅಂತ ನನಗೆ ತಿಳಿದಿದ್ದು ಆ ಗದ್ದೆಯಲ್ಲಿ.

ಹಗರಿ ಹಳ್ಳ

ನಾಲ್ಕು ಸಾಲದು ಅಂತ ನಮ್ಮ ಕಡೆ ಎಲ್ಲ ರೈತರೂ ಹೇಳುತ್ತಾರೆ. ಒಂದೇ ಪಂಚಾಯಿತಿಯಲ್ಲಿ ಒಂದು ಹಳ್ಳಿಗೆ ಮಳೆ, ಪಕ್ಕದ ಹಳ್ಳಿಗೆ ಇಲ್ಲ. ಮಳೆ ಬಂದ ಕಡೆ ಮೂರು ಪ್ರಯೋಗ ಬಿದ್ದರೆ ಉಳಿದವರ ಗತಿ?

ಗದ್ದೆ ಬದು

ನಿಮ್ಮ ಮಾತು ಪೂರ್ತಿ ನ್ಯಾಯ. ಸ್ಯಾಂಪಲ್ ಚಿಕ್ಕದಾದಷ್ಟೂ ಸರಾಸರಿ ಜಾಸ್ತಿ ಓಲಾಡುತ್ತದೆ. ಉಪಗ್ರಹ ಚಿತ್ರ ನೋಡಿ ಮೊದಲೇ ಗುಂಪು ಮಾಡಿ, ಆಮೇಲೆ ಪ್ರತಿ ಗುಂಪಿನಿಂದ ಆರಿಸುವ ದಾರಿ ಇದೆ. ಸ್ಟ್ರಾಟಿಫೈಡ್ ಸ್ಯಾಂಪ್ಲಿಂಗ್ ಅನ್ನುತ್ತೇವೆ. ಇಂಥದ್ದರ ಮೇಲೆ ಕೆಲಸ ಮಾಡುವ ಜನ ಬೇಕು. ಅದಕ್ಕೇ ಹೇಳುವುದು, ಈ ವಿಷಯ ಓದಿ ಅಂತ.

ಹಗರಿ ಹಳ್ಳ

ಅಂದಹಾಗೆ ಸಿ.ಆರ್. ರಾವ್ ನಮ್ಮ ಹೂವಿನ ಹಡಗಲಿಯವರು. ಜಗತ್ತಿನ ಎಲ್ಲ ಸಂಖ್ಯಾಶಾಸ್ತ್ರ ಪುಸ್ತಕದಲ್ಲೂ ಅವರ ಹೆಸರಿದೆ. ಊರಲ್ಲಿ ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೇಜಾರಾಗುತ್ತದೆ. ಕನ್ನಡಿಗರೊಬ್ಬರ ಸಾಧನೆ ನಮಗೇ ಗೊತ್ತಿಲ್ಲ.

ಗಂಗೋತ್ರಿ ಹಳಬ

ಹುಟ್ಟಿದ್ದು ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10. ಆಗ ಅದು ಮದ್ರಾಸ್ ಪ್ರಾಂತ್ಯ, ಈಗ ವಿಜಯನಗರ ಜಿಲ್ಲೆ. ಮನೆಮಾತು ತೆಲುಗು, ಗಣಿತದ ಎಂಎವರೆಗೆ ಓದಿದ್ದು ಆಂಧ್ರದ ಕಡೆ. ಆದ್ದರಿಂದ ಕನ್ನಡಿಗರು ಅನ್ನುವುದಕ್ಕಿಂತ ನಮ್ಮ ನೆಲದಲ್ಲಿ ಹುಟ್ಟಿದವರು ಅನ್ನುವುದು ಸರಿ.

ಅವರ ಕಥೆ ವರದಾತೀರ ಅವರು ಕೇಳಬೇಕು. ಗಣಿತದಲ್ಲಿ ಎಂಎ ಮಾಡಿ ಸೇನೆಯ ಸರ್ವೆ ಘಟಕದಲ್ಲಿ ಕೆಲಸ ಕೇಳಿಕೊಂಡು ಕಲ್ಕತ್ತೆಗೆ ಹೋದರು. ಕೆಲಸ ಸಿಗಲಿಲ್ಲ. ಅಲ್ಲಿದ್ದಾಗ ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ) ವಿಷಯ ತಿಳಿದು, 1941ರಲ್ಲಿ ಹೋಗಿ ಸೇರಿಕೊಂಡರು. 1943ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಸಂಖ್ಯಾಶಾಸ್ತ್ರದಲ್ಲಿ ಎಂಎ. 1945ರ ಪ್ರಬಂಧದಲ್ಲಿ ಈಗ ನಾವು ಕ್ರಾಮರ್-ರಾವ್ ಅನ್ನುವ ಫಲಿತಾಂಶ ಬಂತು. ಒಂದು ಅಂದಾಜು ಎಷ್ಟು ನಿಖರವಾಗಬಹುದು ಅನ್ನುವುದಕ್ಕೆ ಮಿತಿ ಹಾಕುವ ಫಲಿತಾಂಶ ಅದು. ದೊಡ್ಡ ಸ್ಯಾಂಪಲ್‌ಗೆ ಗೊತ್ತಿದ್ದ ಸಂಗತಿಯನ್ನು ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿ "ಚಿಕ್ಕ ಸ್ಯಾಂಪಲ್‌ಗೂ ಇದು ನಿಲ್ಲುತ್ತದಾ?" ಅಂತ ಕೇಳಿದರು. ಆ ರಾತ್ರಿ ಕೂತು ಸಾಧಿಸಿ ಮರುದಿನ ತರಗತಿಯಲ್ಲಿ ತೋರಿಸಿದರು. ಆಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಅದೇ ಕೆಲಸಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು, 102 ವರ್ಷ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದ ವಿ.ಎಂ. ದಾಂಡೇಕರ್.

ಹಗರಿ ಹಳ್ಳ

ತಿದ್ದಿದ್ದಕ್ಕೆ ಧನ್ಯವಾದ ಸರ್. ಈ ದಾಂಡೇಕರ್ ವಿಷಯ ಗೊತ್ತಿರಲಿಲ್ಲ.

ಮಲ್ಲಿಗೆ ಮೊಗ್ಗು

ಒಂದು ಸಣ್ಣ ಸಂಕಟ. "ಏನು ಓದಿದ್ದೀಯಮ್ಮ?" ಅಂತ ಕೇಳಿದರೆ "ಸಂಖ್ಯಾಶಾಸ್ತ್ರ" ಅಂತೀನಿ. ತಕ್ಷಣ "ನಮ್ಮ ಮೊಮ್ಮಗುವಿಗೆ ಯಾವ ಅಕ್ಷರ ಒಳ್ಳೆಯದು ನೋಡು, ಮೊಬೈಲ್ ನಂಬರ್ ಕೂಡಿಸಿದರೆ 8 ಬರುತ್ತೆ" ಅಂತಾರೆ. ಎರಡಕ್ಕೂ ಒಂದೇ ಹೆಸರು ಯಾಕೆ ಬಂತೋ!

ಪದಜಾಡು

ಅದಕ್ಕೇ ಸರ್ಕಾರದವರು ಸಾಂಖ್ಯಿಕ ಅನ್ನುತ್ತಾರೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಅಂತ ಬೋರ್ಡ್ ನೋಡಿರಬಹುದು. ಪಠ್ಯಪುಸ್ತಕದಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಉಳಿದಿದೆ. ಅಂಕಿಅಂಶ ವಿಜ್ಞಾನ ಅಂದರೆ ಗೊಂದಲ ಇರುವುದಿಲ್ಲ ಅಂತ ನನ್ನ ಅಭಿಪ್ರಾಯ.

ಗಂಗೋತ್ರಿ ಹಳಬ

ನಾನು ಒಪ್ಪುವುದಿಲ್ಲ. ಸಂಖ್ಯಾಶಾಸ್ತ್ರ ನಮ್ಮ ಪದ, ಬಿಟ್ಟುಕೊಡಬಾರದು. ನಮ್ಮ ಕಾಲದಲ್ಲಿ ಮೋಡ್‌ಗೆ ರೂಢಿಬೆಲೆ ಅನ್ನುತ್ತಿದ್ದೆವು. ಎಷ್ಟು ಚೆಂದ, ರೂಢಿಯಲ್ಲಿ ಹೆಚ್ಚು ಬರುವ ಬೆಲೆ. ಈಗ ಬಹುಲಕ ಅಂತ ಮಾಡಿದ್ದಾರೆ. ಮಕ್ಕಳಿಗೆ ಅರ್ಥ ಆಗಲಿ ಅಂತ ಪದ ಮಾಡಬೇಕು.

ಪದಜಾಡು

ಬಹುಲಕದ ವಿಷಯದಲ್ಲಿ ನಿಮ್ಮ ಪಕ್ಷ ನಾನು. ರಿಗ್ರೆಷನ್‌ಗೆ ಹಿಂಚಲನೆ ಅಂದಾಗಲೂ ಹಾಗೇ. ಹಿಂದಕ್ಕೆ ಹೋಗುವುದು ಏನು ಅಂತ ಹುಡುಗರು ಕೇಳುತ್ತಾರೆ.

ಗದ್ದೆ ಬದು

ಆದರೆ ಅದು ಇಂಗ್ಲಿಷಿನಲ್ಲೂ ಹಾಗೇ ಅಲ್ವಾ? ಈ ಪದ ತಂದ ಗಾಲ್ಟನ್ ನೋಡಿದ್ದು ಅದನ್ನೇ. ತೀರಾ ಎತ್ತರದ ತಂದೆತಾಯಿಯ ಮಕ್ಕಳು ಎತ್ತರವೇ, ಆದರೆ ಅಷ್ಟು ಅಲ್ಲ. ಸರಾಸರಿಯ ಕಡೆಗೆ ಹಿಂದೆ ಸರಿಯುತ್ತಾರೆ. ಹಿಂಚಲನೆ ಸರಿಯಾದ ಪದವೇ. ಕಥೆ ಹೇಳದೆ ಪದ ಮಾತ್ರ ಹೇಳಿದರೆ ಯಾವ ಭಾಷೆಯಲ್ಲೂ ಅರ್ಥ ಆಗುವುದಿಲ್ಲ.

ರೈನ್ ದಡ

ಜರ್ಮನಿಯಿಂದ ಬರೆಯುತ್ತಿದ್ದೇನೆ, ಊರು ಶಿವಮೊಗ್ಗ. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅಪ್ಲೈಡ್ ಸ್ಟ್ಯಾಟಿಸ್ಟಿಕ್ಸ್ ಅನ್ನುವ ಹೆಸರಲ್ಲೇ ಎಂಎಸ್ಸಿ ಇದೆ, ಇಂಗ್ಲಿಷಿನಲ್ಲಿ. ಇಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ಶುಲ್ಕ ಮಾತ್ರ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ. ಆದರೆ ವೀಸಾಗೆ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಬ್ಯಾಂಕಿನಲ್ಲಿ ಇಡಬೇಕು. ಅದೇ ದೊಡ್ಡ ಹೊರೆ. ಬ್ರಿಟನ್ನಿನಲ್ಲಿ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಫೀಸ್ ಜಾಸ್ತಿ.

ಇಲ್ಲಿನ ಹಳೆಯ 10 ಮಾರ್ಕಿನ ನೋಟಿನಲ್ಲಿ ಗೌಸ್ ಚಿತ್ರ, ಪಕ್ಕದಲ್ಲಿ ನಾರ್ಮಲ್ ಕರ್ವ್, ಅದರ ಸೂತ್ರ. ಯೂರೋ ಬಂದ ಮೇಲೆ ಹೋಯಿತು. ಹಳೆ ಸಾಮಾನಿನ ಸಂತೆಯಲ್ಲಿ ಒಂದು ಕೊಂಡು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ದಿನಸಿ ಅಂಗಡಿಯಲ್ಲಿ ಜನ ಆ ಸೂತ್ರವನ್ನು ಕೈಯಿಂದ ಕೈಗೆ ಕೊಡುತ್ತಿದ್ದರು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ.

ಕೊಣಾಜೆ ಗುಡ್ಡ

ನಮ್ಮಲ್ಲೇ ಇರುವ ದಾರಿ ಮೊದಲು ನೋಡೋಣ. ಐಐಟಿಗಳ ಎಂಎಸ್ಸಿ ಪ್ರವೇಶಕ್ಕೆ ಇರುವ ಜಾಮ್ ಪರೀಕ್ಷೆಯಲ್ಲಿ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಒಂದೇ ಉತ್ತರ ಆರಿಸುವ ಪ್ರಶ್ನೆಗಳಿಗೆ ಮಾತ್ರ ನೆಗೆಟಿವ್ ಅಂಕ. ಅದರಲ್ಲಿ ಬಂದರೆ ಐಐಟಿಗಳು. ಕಾನ್ಪುರದಲ್ಲಿ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಇದೆ. ಮುಂಬೈಯಲ್ಲೂ ಸಂಖ್ಯಾಶಾಸ್ತ್ರದ ಎಂಎಸ್ಸಿ ಇದೆ. ಇನ್ನೊಂದು ಐಎಸ್‌ಐ, ಅವರದೇ ಬೇರೆ ಪ್ರವೇಶ ಪರೀಕ್ಷೆ. ಎಂ.ಸ್ಟ್ಯಾಟ್ ಓದಿದರೆ ಫೀಸ್ ತೆಗೆದುಕೊಳ್ಳುವ ಬದಲು ಅವರೇ ಸ್ಟೈಪೆಂಡ್ ಕೊಡುತ್ತಾರೆ. ಅಪ್ಪನಿಗೆ ಇದನ್ನು ಹೇಳಿ.

ಮುಂದೆ ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಯನ್ನೂ ಬರೆಯಬಹುದು. ಸಂಖ್ಯಾಶಾಸ್ತ್ರದ ನಾಲ್ಕು ಪತ್ರಿಕೆ, ತಲಾ 200 ಅಂಕ. ವಯಸ್ಸು 21ರಿಂದ 30. ನಮ್ಮ ಕಡೆಯ ಮಕ್ಕಳಿಗೆ ಅದರ ಹೆಸರೇ ಗೊತ್ತಿಲ್ಲ.

ಕೋಡುಗಾರ

ಲೆಕ್ಕ ಮಾಡಲು ಆರ್ ಅನ್ನುವ ಸಾಫ್ಟ್‌ವೇರ್ ಕಲಿಯಬೇಕಾ, ಪೈಥಾನ್ ಕಲಿಯಬೇಕಾ? ಇದನ್ನು ಯಾರೂ ಹೇಳಲಿಲ್ಲ.

ಬಿಳಿ ಕೋಟಿನ ಪಕ್ಕ

ಎಂಎಸ್ಸಿಗೆ ಆರ್. ಆಕ್ಲೆಂಡಿನ ಇಬ್ಬರು ಸಂಖ್ಯಾಶಾಸ್ತ್ರದ ಮೇಷ್ಟ್ರುಗಳು ತಮ್ಮ ಪಾಠಕ್ಕೆ ಅಂತ ಕಟ್ಟಿದ್ದು, ಉಚಿತ. ಔಷಧ ಕಂಪನಿಗಳ ಕ್ಲಿನಿಕಲ್ ಟ್ರಯಲ್ ಕೆಲಸಕ್ಕೆ ಸ್ಯಾಸ್ ಅನ್ನುವ ಸಾಫ್ಟ್‌ವೇರ್ ಈಗಲೂ ಕೇಳುತ್ತಾರೆ. ಪೈಥಾನ್ ಬಂದರೆ ಒಳ್ಳೆಯದು. ಒಂದು ಚೆನ್ನಾಗಿ ಬಂದರೆ ಇನ್ನೊಂದು ಎರಡು ತಿಂಗಳ ಕೆಲಸ.

ಮಲ್ಲಿಗೆ ಮೊಗ್ಗು

ವಿಷಯಾಂತರಕ್ಕೆ ಕ್ಷಮೆ ಇರಲಿ. ಫಿಶರ್ ಹೆಸರು ಬಂತಲ್ಲ, ಅವರ ಚಹಾ ಪ್ರಯೋಗವನ್ನು ಮನೆಯಲ್ಲಿ ಮಾಡಿ ನೋಡಿದೆ. ಕಪ್ಪಿಗೆ ಮೊದಲು ಹಾಕಿದ್ದು ಹಾಲಾ, ಚಹಾನಾ ಅಂತ ರುಚಿಯಲ್ಲೇ ಹೇಳಬಲ್ಲೆ ಅಂದವರನ್ನು ಪರೀಕ್ಷಿಸುವ ಪ್ರಯೋಗ ಅದು. ನಮ್ಮಪ್ಪ "ಮಿಕ್ಸಿ ಚಟ್ನಿಗೂ ಒರಳು ಚಟ್ನಿಗೂ ವ್ಯತ್ಯಾಸ ನಾಲಿಗೆಯಲ್ಲೇ ಹೇಳ್ತೀನಿ" ಅಂತ ಯಾವಾಗಲೂ ಹೇಳುತ್ತಾರೆ. ಭಾನುವಾರ 8 ತಟ್ಟೆ ಇಟ್ಟೆ. 4 ಒರಳು, 4 ಮಿಕ್ಸಿ. ಕ್ರಮವನ್ನು ಚೀಟಿ ಎತ್ತಿ ಇಟ್ಟಿದ್ದು. ಒರಳಿನ 4 ತಟ್ಟೆಯಲ್ಲಿ 3 ಸರಿಯಾಗಿ ಗುರುತಿಸಿದರು! ಅಪ್ಪ ಹೇಳಿದ್ದು ನಿಜ ಅಂತ ಸಾಬೀತಾಯಿತು ಅಲ್ವಾ?

ಕೋಡುಗಾರ

4ಕ್ಕೆ 3, ಅಂದರೆ 75 ಪರ್ಸೆಂಟ್. ಸಾಬೀತಾದ ಹಾಗೆ.

ಗದ್ದೆ ಬದು

ಇಲ್ಲ! 8ರಲ್ಲಿ 4 ಆರಿಸುವ ರೀತಿ 70. ಏನೂ ಗೊತ್ತಿಲ್ಲದವರು ಸುಮ್ನೆ ಊಹಿಸಿದರೂ 3 ಸರಿ, 1 ತಪ್ಪು ಬರುವ ರೀತಿ 16. ನಾಲ್ಕೂ ಸರಿ ಬರುವುದು 1. ಒಟ್ಟು 70ಕ್ಕೆ 17, ಸುಮಾರು 24 ಪರ್ಸೆಂಟ್. ನಾಲ್ಕು ಜನ ಕಣ್ಣು ಮುಚ್ಚಿ ಊಹಿಸಿದರೆ ಸರಾಸರಿ ಹೆಚ್ಚುಕಡಿಮೆ ಒಬ್ಬರಿಗೆ ಇಷ್ಟು ಬರುತ್ತದೆ. ನಾಲ್ಕೂ ಸರಿ ಹೇಳಿದ್ದರೆ 70ಕ್ಕೆ 1, ಒಂದೂವರೆ ಪರ್ಸೆಂಟಿಗೂ ಕಡಿಮೆ. ಆಗ ನಂಬಬಹುದಿತ್ತು.

ಅಪ್ಪನಿಗೆ ಬರುವುದಿಲ್ಲ ಅಂತಲೂ ಇದು ಹೇಳುವುದಿಲ್ಲ. 8 ತಟ್ಟೆ ಸಾಲದು, ಅಷ್ಟೇ. ಮತ್ತೆ, ಕಣ್ಣಿಗೆ ಬಟ್ಟೆ ಕಟ್ಟಿದ್ದಿರಾ? ಒರಳಿನದು ತರಿತರಿ ಇರುತ್ತದೆ, ನೋಡಿದರೇ ಗೊತ್ತಾಗುತ್ತದೆ.

ಮಲ್ಲಿಗೆ ಮೊಗ್ಗು

ಕಟ್ಟಿರಲಿಲ್ಲ. ಮುಂದಿನ ವಾರ ಕಣ್ಣು ಕಟ್ಟಿ 12 ತಟ್ಟೆ ಇಡುತ್ತೇನೆ. 6, 6.

ಗದ್ದೆ ಬದು

12 ಇಟ್ಟರೆ 924 ರೀತಿ. ಆಗ 6ಕ್ಕೆ 5 ಸರಿ ಬಂದರೂ ನಾನು ಒಪ್ಪುತ್ತೇನೆ. ಎಷ್ಟು ಬಂದರೆ ಒಪ್ಪುವುದು ಅಂತ ತಟ್ಟೆ ಇಡುವ ಮುಂಚೆಯೇ ಬರೆದಿಡಿ, ಆಮೇಲೆ ಅಲ್ಲ.

ವರದಾತೀರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಚಟ್ನಿ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದೆ, 16 ಬಂತು. ಬಿಎಸ್ಸಿಯಲ್ಲಿ ಹೈಪರ್‌ಜಿಯೋಮೆಟ್ರಿಕ್ ಅಂತ ಸೂತ್ರ ಬರೆದು 10 ಅಂಕ ತೆಗೆದಿದ್ದೆ. ಅದು ಇದೇ ಅಂತ ಇವತ್ತು ಗೊತ್ತಾಯಿತು.

ಇಂಗ್ಲಿಷಿನ ಭಯ ಇದೆ. ಎಂಎಸ್ಸಿ ಪಾಠ ಪೂರ್ತಿ ಇಂಗ್ಲಿಷ್ ಅಲ್ವಾ?

ಮಲ್ಲಿಗೆ ಮೊಗ್ಗು

ನಾನೂ ಕನ್ನಡ ಮಾಧ್ಯಮ. ಮೊದಲ ಎರಡು ತಿಂಗಳು ಅಳು ಬರುತ್ತಿತ್ತು. ಒಂದು 100 ಪುಟದ ನೋಟ್‌ಬುಕ್ ಇಟ್ಟೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ನನ್ನದೇ ಮಾತಿನಲ್ಲಿ ಕನ್ನಡದ ವಿವರಣೆ. ಡಿಗ್ರೀಸ್ ಆಫ್ ಫ್ರೀಡಂ ಎದುರು "ಐದು ಜನರ ಸರಾಸರಿ ಗೊತ್ತಿದ್ದರೆ ನಾಲ್ವರದು ಕೇಳಿದರೆ ಸಾಕು, ಐದನೆಯದು ತಾನೇ ಸಿಗುತ್ತೆ" ಅಂತ ಬರೆದಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು ತುಂಬಾ ಮೆಚ್ಚಿದರು. ಸಂಖ್ಯಾಶಾಸ್ತ್ರ ಪರೀಕ್ಷೆಯಲ್ಲಿ ಕೇಳುವ ಇಂಗ್ಲಿಷ್ ಕಡಿಮೆ. ಬರುತ್ತದೆ, ಹೆದರಬೇಡಿ.

ಗಂಗೋತ್ರಿ ಹಳಬ

ಇನ್ನೊಂದು ಕಿವಿಮಾತು. ಸೇರುವ ಮುಂಚೆ ಕೆಲಸ ಬಿಡಬೇಡಿ. ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಸಂಜೆ ಎರಡು ಗಂಟೆ ಓದಿ. ಬಂದರೆ ಐಐಟಿ. ಬಾರದಿದ್ದರೆ ಧಾರವಾಡ ಇದ್ದೇ ಇದೆ, ಓದಿದ್ದು ಅಲ್ಲಿಯೂ ಕೈ ಹಿಡಿಯುತ್ತದೆ. ಎರಡು ವರ್ಷದ ಸಂಬಳದಲ್ಲಿ ಸ್ವಲ್ಪ ಉಳಿಸಿದ್ದರೆ ಅಪ್ಪನ ಎದುರು ಹಾಸ್ಟೆಲ್ ಖರ್ಚಿನ ಲೆಕ್ಕ ಬರೆದು ಇಡಿ. ದುಡ್ಡಿನ ಲೆಕ್ಕ ಕಣ್ಣಿಗೆ ಕಂಡರೆ ತಂದೆಯವರ ಮನಸ್ಸು ಬದಲಾಗುತ್ತದೆ. ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಹೀಗಾಗಿದ್ದನ್ನು ನೋಡಿದ್ದೇನೆ.

ಗದ್ದೆ ಬದು

ನಿಮ್ಮ ಮ್ಯಾನೇಜರ್ ಪ್ರಶ್ನೆಗೂ ಹೊಂದುವ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ. ಹೊಸ ಗೊಬ್ಬರಕ್ಕೆ 3 ಕುಂಡ, ಬರೀ ಮಣ್ಣಿಗೆ 3 ಕುಂಡ, ಕುಂಡಕ್ಕೆ 20 ಟೊಮೆಟೊ ಸಸಿ. ತಲಾ 60 ಸಸಿ ಅಂತ ಟಿ-ಟೆಸ್ಟ್ ಹಾಕಿದ್ದ. ಪಿ-ವ್ಯಾಲ್ಯೂ (ಗೊಬ್ಬರದಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ) ಸೊನ್ನೆಯ ಹತ್ತಿರ, ಹುಡುಗನಿಗೆ ಖುಷಿಯೋ ಖುಷಿ. ಆದರೆ ಒಂದೇ ಕುಂಡದ 20 ಸಸಿಗೆ ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ಅವು 20 ಬೇರೆ ಬೇರೆ ಸಾಕ್ಷಿ ಅಲ್ಲ. ಗೊಬ್ಬರ ಹಾಕಿದ್ದು ಸಸಿಗಲ್ಲ, ಕುಂಡಕ್ಕೆ.

ನಿಮ್ಮ ಶಾಖೆಯ ಮಾರಾಟವೂ ಹಾಗೇ. 30 ದಿನದ ಅಂಕಿ ಇದೆ ಅಂತ 30 ಸ್ವತಂತ್ರ ಅಳತೆ ಆಗುವುದಿಲ್ಲ. ಇವತ್ತಿನದು ನಿನ್ನೆಯದಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೇ ನಿಮಗೆ ಟಿ-ಟೆಸ್ಟ್ ಹಾಕಲು ಕೈ ಬರಲಿಲ್ಲ. ಅದು ಒಳ್ಳೆಯ ಲಕ್ಷಣ.

ಗಂಗೋತ್ರಿ ಹಳಬ

ಚೆನ್ನಾಗಿ ಹೇಳಿದಿರಿ. ವರದಾತೀರ, ನಿಮಗೆ ಮನೆಲೆಕ್ಕ. ಒಂದೇ ಕುಂಡದ ಯಾವುದೇ ಎರಡು ಸಸಿಗಳ ನಡುವಿನ ಸಹಸಂಬಂಧ ರೋ ಅಂತ ಇಟ್ಟುಕೊಳ್ಳಿ. ಕುಂಡದಲ್ಲಿ ಎಂ ಸಸಿ. ಸರಾಸರಿಯ ವೇರಿಯನ್ಸ್, ಅಂದರೆ ಓಲಾಟದ ಅಳತೆ, ಎಷ್ಟು ಪಟ್ಟು ಉಬ್ಬುತ್ತದೆ? ರೋ 0.5 ಆದರೆ ಈ 60 ಸಸಿ ಎಷ್ಟು ಸ್ವತಂತ್ರ ಸಸಿಗೆ ಸಮ? ಸೂತ್ರ ಹುಡುಕಬೇಡಿ, ನೀವೇ ಬಿಡಿಸಿ.

ವರದಾತೀರ

ಸರ್, ರಾತ್ರಿ ಹನ್ನೊಂದೂವರೆ ಆಯಿತು, ಮೂರು ಹಾಳೆ ಆಯಿತು. ಮೊದಲ ಸಲ ಜೋಡಿಗಳನ್ನು ಎಣಿಸುವಾಗ ಎಡವಿದೆ, ಒಂದು ಜೋಡಿಯನ್ನು ಒಂದೇ ಸಲ ತೆಗೆದುಕೊಂಡಿದ್ದೆ. ಎರಡು ಸಲ ಬರಬೇಕು. ಸರಿ ಮಾಡಿದ ಮೇಲೆ ಉಬ್ಬುವುದು 1 + (ಎಂ − 1) × ರೋ ಅಂತ ಬಂತು. ಎಂ 20, ರೋ 0.5 ಹಾಕಿದರೆ 10.5 ಪಟ್ಟು. 60 ಭಾಗಿಸು 10.5, ಅಂದರೆ 5.7. ಅರವತ್ತು ಸಸಿ ಆರು ಸಸಿಗೂ ಸಮ ಇಲ್ಲ!

ಗಂಗೋತ್ರಿ ಹಳಬ

ಪೂರ್ತಿ ಸರಿ. ಈಗ ರೋ 1 ಹಾಕಿ ನೋಡಿ.

ವರದಾತೀರ

20 ಪಟ್ಟು. 60 ಭಾಗಿಸು 20, ಉತ್ತರ 3. ಅಯ್ಯೋ ಸರ್, ಅದು ಕುಂಡಗಳ ಸಂಖ್ಯೆ!